ಅಂಕಿ ಉಳಿದವು, ಅಕ್ಷರ ಅಳಿದವು



ಬಾಳ್ಳುಪೇಟೆಯಲ್ಲಿ ಮುಂಗಾರು ಹಿಡಿಯಿತೆಂದರೆ ನಮ್ಮಂತಹ ಗಣಕಯಂತ್ರ ಕಾಯುವವರಿಗೆ ನಿದ್ದೆಯಿಲ್ಲ. ಸಿಡಿಲಿಗೆ ಹೆದರಿ ತಂತಿ ಕಳಚಬೇಕು; ಕರೆಂಟು ಹೋದರೆ ಬ್ಯಾಟರಿ ಬಸವಳಿಯುವ ಮೊದಲೇ ಸರ್ವರನ್ನು ಕ್ರಮವಾಗಿ ನಿಲ್ಲಿಸಬೇಕು. ಆ ಗೋಳನ್ನು ಹಿಂದೆಯೇ ಸಾಕಷ್ಟು ಹೇಳಿಕೊಂಡಿದ್ದೇವೆ. ಈ ತಿಂಗಳು, ಕಳೆದ ಆಷಾಢದಲ್ಲಿ ನಮ್ಮ ಬಾಗಿಲಿಗೆ ಬಂದ ಒಂದು ಹಳೆಯ ಯಂತ್ರದ ಸಂಗತಿಯನ್ನು ತಮ್ಮ ಮುಂದಿಡುತ್ತೇವೆ.

ಸಮೀಪದ ಕಾಫಿ ತೋಟದ ಹಿರಿಯರೊಬ್ಬರು ಲಿಂಗೈಕ್ಯರಾಗಿ ವರ್ಷ ತುಂಬುತ್ತ ಬಂದಿತ್ತು. ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟುಗಳಲ್ಲಿ ಬರೆದಿಡುವುದು ಅವರ ವ್ರತವಾಗಿತ್ತು. 2002ರಲ್ಲಿ ಮಗ ಗಣಕಯಂತ್ರ ತಂದಾಗ ಅದನ್ನು ಜೋಡಿಸಿಕೊಟ್ಟವರು ನಾವೇ. ಮೌಸ್ ಕೈಗೆ ಒಗ್ಗಲೆಂದು ಸಾಲಿಟೇರ್ ಆಟ ತೋರಿಸಿದೆವು. 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂದ ಈ ಆಟ ಎಷ್ಟೋ ಮಂದಿಗೆ ಮೌಸ್ ಎಳೆಯುವುದನ್ನು ಕಲಿಸಿದೆ. ಹಿರಿಯರು ಮಾತ್ರ, "ನಮ್ಮ ಮನೆಯಲ್ಲಿ ಇಸ್ಪೀಟು ಮುಟ್ಟಿದವರಿಲ್ಲ" ಎಂದು ಮುಖ ತಿರುಗಿಸಿದರು. ವಾರ ಕಳೆದ ಮೇಲೆ ಅವರೇ ಹೇಳಿಕಳುಹಿಸಿದರು: "ಎಲೆ ನಿಂತುಹೋಗಿದೆ, ಒಂದಿಷ್ಟು ಬಂದು ನೋಡಪ್ಪ."

ಬಳಿಕ ಅವರು ಕನ್ನಡವನ್ನೂ ಕಲಿತರು. ಕರ್ನಾಟಕ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶವನ್ನು ನಾವು ಹಾಕಿಕೊಟ್ಟಿದ್ದೆವು. ಕರಾವಳಿಯ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಅದರಲ್ಲಿತ್ತು. ಮಳೆಯ ಲೆಕ್ಕದ ಪಕ್ಕದಲ್ಲಿ ಅಂದಿನ ಒಂದೆರಡು ಮಾತು ಬರೆಯುವುದು ರೂಢಿಯಾಯಿತು. ಯಾವ ಹಸು ಈಯಿತು, ಯಾವ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿತು, ಯಾರ ಮನೆಯ ಮದುವೆಗೆ ಹೋಗಲಾಗಲಿಲ್ಲ ಎಂಬಂತಹ ಮಾತುಗಳು.

ಆ ಯಂತ್ರವನ್ನೂ ಒಂದು ಸಿ.ಡಿ.ಯನ್ನೂ ಹೊತ್ತು ಅವರ ಸೊಸೆ ಬಂದರು. "ಅಣ್ಣ, ಮಾವನವರ ಬರಹವೆಲ್ಲ ಇದರಲ್ಲಿದೆ. ವರ್ಷದ ಸ್ಮರಣೆಗೆ ಪುಸ್ತಕ ಮಾಡಬೇಕು." ಸಿ.ಡಿ.ಗೆ ಬೂಷ್ಟು ಹಿಡಿದಿತ್ತು. ಮಲೆನಾಡಿನ ಬೀರುವಿನಲ್ಲಿ ಬಟ್ಟೆಗೇ ಉಳಿಗಾಲವಿಲ್ಲ! ದೈವವಶಾತ್ ಯಂತ್ರದೊಳಗಿನ ಡಿಸ್ಕ್ ಇನ್ನೂ ತಿರುಗುತ್ತಿತ್ತು. ಕಡತಗಳನ್ನು ಹೊಸ ಯಂತ್ರಕ್ಕೆ ಇಳಿಸಿ ತೆರೆದೆವು. ತಾರೀಖು, ಇಂಚು, ಸೆಂಟು ಎಲ್ಲವೂ ನೆಟ್ಟಗಿದ್ದವು. ಮಾತಿರಬೇಕಾದ ಕಡೆಯಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

"ಮಳೆ ಎಷ್ಟೆಂದು ತಿಳಿಯುತ್ತದೆ ಅಣ್ಣ, ಮಾವನವರು ಏನೆಂದರೆಂದು ತಿಳಿಯುವುದಿಲ್ಲವಲ್ಲ" ಎಂದರು ಆ ತಾಯಿ.

ಇದರ ಮರ್ಮವನ್ನು ತುಸು ವಿವರಿಸಬೇಕು. ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಅಂದಿನ ಫಾಂಟುಗಳಲ್ಲಿ 256 ಮನೆಗಳಷ್ಟೇ ಇದ್ದವು. ಅವುಗಳಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಎಬ್ಬಿಸಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನಾವು ನೋಡುತ್ತಿದ್ದ 'ಕ' ವಾಸ್ತವದಲ್ಲಿ ಇಂಗ್ಲಿಷಿನ 'ಪಿ'. ಅದರ ತಲೆಕಟ್ಟು, ಮೇಲೆ ಓರೆಗೆರೆ ಹೊತ್ತ ಇನ್ನೊಂದು 'ಎ'. ಫಾಂಟು ಇರುವವರೆಗೆ ವೇಷ ನಿಲ್ಲುತ್ತದೆ, ಅದು ಇಲ್ಲವಾದರೆ ಬಣ್ಣ ಕಳಚುತ್ತದೆ. ಅಂಕಿಗಳ ಮನೆಯಲ್ಲಿ ಅಂಕಿಗಳೇ ಇದ್ದುದರಿಂದ ಅವು ಮಾತ್ರ ಬದುಕಿದವು. ಯೂನಿಕೋಡಿನಲ್ಲಿ ಹೀಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಕೇರಿಯಿದೆ. ಅಲ್ಲಿ 'ಕ' ಎಂದರೆ 3221, ಯಾವ ಫಾಂಟಿನಲ್ಲಿಯೂ ಅಷ್ಟೆ.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ಯೂನಿಕೋಡ್ ಕನ್ನಡಕ್ಕೆ ಅವಕಾಶವಿತ್ತು. ಆದರೂ ನಾವು ಅದನ್ನು ಕಲಿಸಲಿಲ್ಲ. ಮುದ್ರಣಾಲಯಗಳ ಪೇಜ್‌ಮೇಕರಿಗೆ ಅದು ಒಗ್ಗದು, ಮುಂದೆ ಏನಾದರೂ ಅಚ್ಚು ಹಾಕಿಸುವುದಾದರೆ ತೊಡಕಾದೀತು ಎಂದು ಮುಂದಾಲೋಚನೆ ಮಾಡಿದ್ದೆವು! ಆ ಫಾಂಟನ್ನು ಕಡತಗಳೊಂದಿಗೆ ತೆಗೆದಿಡಿ ಎಂಬ ಮಾತನ್ನೂ ಅವರಿಗೆ ಹೇಳಲಿಲ್ಲ. ತಪ್ಪು ನಮ್ಮದೇ.

ಅದೇ ಫಾಂಟನ್ನು ಹುಡುಕಿ ಹಾಕಿದೊಡನೆ ಬರಹ ಕಣ್ಣಿಗೆ ಬಿತ್ತು. ಆದರೆ ಬೆಂಗಳೂರಿನಲ್ಲಿರುವ ಮಗಳ ಫೋನಿಗೆ ಕಳುಹಿಸಿದರೆ ಮತ್ತೆ ಒಗಟು. ಆದ್ದರಿಂದ ಯೂನಿಕೋಡಿಗೆ ತಿರುಗಿಸುವ ಉಚಿತ ತಂತ್ರಾಂಶವೊಂದರ ಮೊರೆಹೋದೆವು. 'ವರ್ಷ' ಎಂಬಲ್ಲಿ ಹಳೆಯ ಕಡತದಲ್ಲಿ ಅರ್ಕಾವತ್ತು ಕೊನೆಗಿರುತ್ತದೆ, ಹೊಸದರಲ್ಲಿ 'ಷ'ಕಾರದ ಮುಂದೆ ಬರಬೇಕು. ಅದನ್ನು ತಂತ್ರಾಂಶವೇ ಸರಿಪಡಿಸಿತು. ಹಿರಿಯರು ಇಂಗ್ಲಿಷಿನಲ್ಲಿಯೇ ಬರೆದಿದ್ದ ರೊಬಸ್ಟಾ, ಸಿಲ್ವರ್ ಓಕ್ ಮೊದಲಾದ ಪದಗಳು ಮಾತ್ರ ಅರ್ಥವಿಲ್ಲದ ಕನ್ನಡವಾಗಿ ಕುಳಿತವು. ಅವನ್ನು ಒಂದೊಂದಾಗಿ ತಿದ್ದಲು ಮೂರು ರಾತ್ರಿ ಹಿಡಿಯಿತು. ಡಿಸ್ಕ್ ಸವೆದಿದ್ದ ಕಡೆಯ 2004ರ ಮಳೆಗಾಲ ಸಿಗಲೇ ಇಲ್ಲ.

ತಮ್ಮ ಮನೆಗಳಲ್ಲಿ ಇಂತಹ ಹಳೆಯ ಕಡತಗಳಿದ್ದರೆ ಅಳಿಸಬೇಡಿ, ಯಂತ್ರವನ್ನು ಗುಜರಿಗೂ ಕೊಡಬೇಡಿ. ಮೊದಲು ಫಾಂಟಿನ ಹೆಸರು ಬರೆದುಕೊಳ್ಳಿ, ಕಡತದ ಪಕ್ಕದಲ್ಲಿಯೇ ಫಾಂಟನ್ನೂ ಇಡಿ. ಸಾಧ್ಯವಾದರೆ ಒಂದು ಪ್ರತಿಯನ್ನು ಕಾಗದಕ್ಕೆ ಇಳಿಸಿ. ಬೂಷ್ಟು ಹಿಡಿದ ಕಾಗದವನ್ನಾದರೂ ಬಿಸಿಲಿಗೆ ಹಾಕಿ ಓದಬಹುದು.

ಕರಡು ತಿದ್ದಲು ಸೊಸೆಯೇ ಕುಳಿತರು. 2003ರ ಜುಲೈ ಪುಟದಲ್ಲಿ ಅವರ ಬೆರಳು ನಿಂತಿತು. "ಮಳೆ 3 ಇಂಚು 20 ಸೆಂಟು. ಕರೆಂಟಿಲ್ಲ. ನಿನ್ನೆಯೂ ಎಲೆ ಮುಗಿಯಲಿಲ್ಲ." ಸ್ಮರಣೆಯ ಪುಸ್ತಕದಲ್ಲಿ ಇಸ್ಪೀಟಿನ ಮಾತು ಇರಬಹುದೇ ಎಂದು ಅವರು ಅನುಮಾನಿಸಿದರು. ಅತ್ತೆಯವರನ್ನು ಕೇಳಿ ಎಂದೆವು. ಅತ್ತೆಯವರು ಒಳಗಿನಿಂದಲೇ ಹೇಳಿಕಳುಹಿಸಿದರಂತೆ: "ಇರಲಿ ಬಿಡು, ರಾತ್ರಿ ದೀಪ ಆರಿಸದೆ ಕೂತಿದ್ದು ಅದಕ್ಕೇ ಎಂದು ಈಗ ತಿಳಿಯಿತು."