ಆಟದ ಮೈದಾನ ಯಾರಪ್ಪನದು ಸ್ವಾಮಿ?

2017ರ ಅಕ್ಟೋಬರ್ ಕೊನೆಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ವೀರೇಂದ್ರ ಸೆಹ್ವಾಗ್ ಹೆಸರಿನ ಗೇಟು ಉದ್ಘಾಟನೆಯಾಯಿತು. ಒಳ್ಳೆಯದೇ, ಯಾರಿಗೂ ತಕರಾರಿಲ್ಲ. ಆದರೆ ಆ ಗೇಟಿಗೆ ಹಾಕಿದ ಬೋರ್ಡಿನ ಮೇಲೆ ಏನು ಬರೆಸಿದ್ದರು ಗೊತ್ತೇ? ಈ ದೆಹಲಿ ಹುಡುಗನನ್ನು ಬಿಟ್ಟರೆ ಬೇರೆ ಯಾವ ಭಾರತೀಯನೂ ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದಿಲ್ಲ ಅಂತ! ನಮ್ಮ ಕರುಣ್ ನಾಯರ್ ಚೆನ್ನೈನ ಚೆಪಾಕ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದು ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಅದೂ ಸೆಹ್ವಾಗ್ 2008ರಲ್ಲಿ 319 ಹೊಡೆದಿದ್ದ ಅದೇ ಮೈದಾನದಲ್ಲಿ. ಪೇಪರಿನವರು ಎತ್ತಿ ಆಡಿದ ಮೇಲೆ ಸಂಸ್ಥೆಯವರಿಗೆ ತಪ್ಪು ಗೊತ್ತಾಯಿತು.

ದೆಹಲಿಯಲ್ಲಿರುವ ಕನ್ನಡಿಗರೆಲ್ಲ ಆವತ್ತು ನಕ್ಕೆವು. ನಾನೂ ನಕ್ಕೆ. ಆದರೆ ಆಮೇಲೆ ನಡೆದದ್ದು ನಗುವಂಥದ್ದಲ್ಲ.

ಅದೇ ವರ್ಷ ಬಿಷನ್ ಸಿಂಗ್ ಬೇಡಿಯವರ ಹೆಸರನ್ನು ಒಂದು ಸ್ಟ್ಯಾಂಡಿಗೆ ಇಟ್ಟರು. 67 ಟೆಸ್ಟ್, 266 ವಿಕೆಟ್. ನಮ್ಮ ಪ್ರಸನ್ನ, ಚಂದ್ರಶೇಖರ್ ಜೊತೆ ಕೈಗೆ ಕೈ ಸೇರಿಸಿ ಬೌಲ್ ಮಾಡಿದ ಮನುಷ್ಯ. ದೆಹಲಿಗೆ ಮೊದಲ ರಣಜಿ ಟ್ರೋಫಿ ತಂದುಕೊಟ್ಟ ಕ್ಯಾಪ್ಟನ್. (1978-79ರ ಆ ಫೈನಲ್‌ನಲ್ಲಿ ಸೋತಿದ್ದು ಕರ್ನಾಟಕವೇ, ಬೆಂಗಳೂರಿನಲ್ಲೇ. ಇರಲಿ ಬಿಡಿ, ಹಳೇ ಗಾಯ.) ಎರಡು ವರ್ಷ ಕಳೆದು 2019ರ ಸೆಪ್ಟೆಂಬರ್‌ನಲ್ಲಿ ಇಡೀ ಸ್ಟೇಡಿಯಂ ಅರುಣ್ ಜೇಟ್ಲಿ ಸ್ಟೇಡಿಯಂ ಆಯಿತು. ಮೈದಾನದ ಹೆಸರು ಮಾತ್ರ ಕೋಟ್ಲಾ ಅಂತಲೇ ಉಳಿಯುತ್ತದೆ ಎಂದು ಸಮಜಾಯಿಷಿ ಬೇರೆ ಕೊಟ್ಟರು. ಅಂದರೆ ಹುಲ್ಲು ಕೋಟ್ಲಾದ್ದು, ಕಾಂಕ್ರೀಟು ಜೇಟ್ಲಿಯವರದ್ದು! 2020ರ ಡಿಸೆಂಬರ್‌ನಲ್ಲಿ ಅಲ್ಲೇ ಅವರ ಪ್ರತಿಮೆಯನ್ನೂ ನಿಲ್ಲಿಸಿದರು. ಆ ಹೊತ್ತಿಗೆ ಸಂಸ್ಥೆಯ ಅಧ್ಯಕ್ಷರು ಯಾರು? ಅವರ ಮಗ ರೋಹನ್ ಜೇಟ್ಲಿ.

ಬೇಡಿ ಸುಮ್ಮನಿರುವ ಜಾತಿಯಲ್ಲ. ನನ್ನ ಹೆಸರನ್ನು ಆ ಸ್ಟ್ಯಾಂಡಿನಿಂದ ತೆಗೆಯಿರಿ, ಸದಸ್ಯತ್ವವೂ ಬೇಡ ಅಂತ ಅಧ್ಯಕ್ಷರಿಗೇ ಕಾಗದ ಬರೆದರು. ಲಾರ್ಡ್ಸ್‌ನಲ್ಲಿ ಗ್ರೇಸ್ ಇದ್ದಾನೆ, ಓವಲ್‌ನಲ್ಲಿ ಹಾಬ್ಸ್, ಸಿಡ್ನಿಯಲ್ಲಿ ಬ್ರಾಡ್ಮನ್, ಬಾರ್ಬಡೋಸ್‌ನಲ್ಲಿ ಸೋಬರ್ಸ್. ಆಟದ ಜಾಗದಲ್ಲಿ ಆಟಗಾರರು ಇರಬೇಕು, ಆಡಳಿತಗಾರರ ಜಾಗ ಅವರ ಗಾಜಿನ ಕೋಣೆ ಎಂಬುದು ಅವರ ವಾದ. ಗೌರವ ಸಿಗಲಿಲ್ಲ ಅಂತ ಗೋಳಾಡುವವರನ್ನು ಬೇಕಾದಷ್ಟು ನೋಡಿದ್ದೇವೆ. ಸಿಕ್ಕಿದ್ದನ್ನು ವಾಪಸ್ ತಗೊಳ್ಳಿ ಅಂದವರು ಎಷ್ಟು ಜನ ಹೇಳಿ? 2023ರ ಅಕ್ಟೋಬರ್‌ನಲ್ಲಿ ಬೇಡಿ ತೀರಿಕೊಂಡರು. ಅವರ ಪ್ರಶ್ನೆ ಹಾಗೇ ಇದೆ.

ಬೇಡಿಗೂ ಜೇಟ್ಲಿಗೂ ಹಳೇ ಜಗಳ, ಅದಕ್ಕೇ ಹೀಗೆ ಅಂತ ಕೆಲವರು ಹೇಳಿದರು. ಜಗಳ ಇತ್ತು, ನಿಜ. ಹಾಗಂತ ಹೇಳಿದ ಮಾತು ಸುಳ್ಳಾಗುತ್ತದೆಯೇ? ಇನ್ನೊಂದು ವಾದ ಸ್ವಲ್ಪ ಗಟ್ಟಿಯಾದದ್ದು. ಜೇಟ್ಲಿಯವರು 1999ರಿಂದ 2013ರವರೆಗೆ ಅಧ್ಯಕ್ಷರಾಗಿದ್ದರು, ಹಳೇ ಸ್ಟೇಡಿಯಂ ಹೊಸದಾಗಿದ್ದು ಅವರ ಕಾಲದಲ್ಲೇ, ಕಟ್ಟಿಸಿದವರ ಹೆಸರು ಇರಬಾರದೇ ಅಂತ.

ಇರಲಿ, ಖಂಡಿತ ಇರಲಿ. ಎಲ್ಲಿ ಅನ್ನುವುದೇ ಪ್ರಶ್ನೆ. ನಮ್ಮೂರ ದೇವಸ್ಥಾನಗಳಿಗೆ ಹೋಗಿ ನೋಡಿ. ಕಲ್ಲು ಹಾಸಿಸಿದವನ ಹೆಸರು ಆ ಹಾಸುಗಲ್ಲಿನ ಮೇಲೇ ಇರುತ್ತದೆ. ಕೆಲವು ಕಡೆ ದಾನಿಯೇ ಅಡ್ಡಬಿದ್ದ ಹಾಗೆ ನೆಲದಲ್ಲಿ ತನ್ನ ಚಿತ್ರ ಕೆತ್ತಿಸಿಕೊಂಡಿರುತ್ತಾನೆ, ಭಕ್ತರ ಪಾದದ ಧೂಳು ತನ್ನ ಮೇಲೆ ಬೀಳಲಿ ಅಂತ. ಗರ್ಭಗುಡಿಯಲ್ಲಿ ತನ್ನ ಮೂರ್ತಿ ಇಡಿಸಿಕೊಂಡ ದಾನಿಯನ್ನು ನಾನಂತೂ ಕಂಡಿಲ್ಲ. ಅದೂ ಜೇಟ್ಲಿಯವರು ಸ್ಟೇಡಿಯಂ ಕಟ್ಟಿಸಿದ್ದು ಸ್ವಂತ ಜೇಬಿನಿಂದ ಅಲ್ಲವಲ್ಲ.

ಇದನ್ನು ಓದಿ ಒಂದು ಪಕ್ಷದವರು ಚಪ್ಪಾಳೆ ತಟ್ಟಬೇಕಾಗಿಲ್ಲ. ಹೈದರಾಬಾದಿನ ಸ್ಟೇಡಿಯಂ ರಾಜೀವ್ ಗಾಂಧಿ ಹೆಸರಲ್ಲಿ. ದೆಹಲಿಯಲ್ಲಿ ನೆಹರೂ ಸ್ಟೇಡಿಯಂ, ಇಂದಿರಾ ಒಳಾಂಗಣ ಕ್ರೀಡಾಂಗಣ. ಖೇಲ್ ರತ್ನ ಪ್ರಶಸ್ತಿ ರಾಜೀವ್ ಹೆಸರಿನಿಂದ ಧ್ಯಾನ್ ಚಂದ್ ಹೆಸರಿಗೆ ಬರಲು 2021ರ ಆಗಸ್ಟ್ ತನಕ ಕಾಯಬೇಕಾಯಿತು. ಆಟಗಾರನಿಗೆ ನ್ಯಾಯ ಸಿಕ್ಕಿತು ಅಂತ ಖುಷಿಪಡೋಣ ಅಂದರೆ, ಅದೇ ವರ್ಷದ ಫೆಬ್ರವರಿಯಲ್ಲಿ ಮೊಟೇರಾ ಸ್ಟೇಡಿಯಂಗೆ ಅಧಿಕಾರದಲ್ಲಿದ್ದ ಪ್ರಧಾನಿಯ ಹೆಸರಿಟ್ಟಾಗಿತ್ತು. ಅಲ್ಲಿ ಬೌಲರ್ ಓಡಿ ಬರುವ ತುದಿಗಳ ಹೆಸರೇನು? ಒಂದು ರಿಲಯನ್ಸ್, ಇನ್ನೊಂದು ಅದಾನಿ.

ಬೆಂಗಳೂರಿನವರು ನಗಬೇಡಿ. ನಮ್ಮ ಚಿನ್ನಸ್ವಾಮಿ ಯಾರು? ಬ್ಯಾಟ್ಸ್‌ಮನ್ನೇ, ಬೌಲರೇ? ಅವರೂ ಆಡಳಿತಗಾರರೇ, 1977ರಿಂದ 1980ರವರೆಗೆ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದವರು. ರಾಜ್ಯದ ಕ್ರಿಕೆಟ್‌ಗೆ ದುಡಿದವರು, ಒಪ್ಪಿದೆ. ಆದರೂ ವಿಶ್ವನಾಥ್ ಸ್ಕ್ವೇರ್ ಕಟ್ ಹೊಡೆದ ನೆಲವನ್ನು ನಾವು ಕರೆಯುವುದು ವಕೀಲರೊಬ್ಬರ ಹೆಸರಿನಿಂದ. ದೆಹಲಿಯವರಿಗೆ ಬುದ್ಧಿ ಹೇಳುವಾಗ ಇದನ್ನು ಮುಚ್ಚಿಡುವುದು ಮೋಸ.

ಕೋಟ್ಲಾ ವಿಷಯದಲ್ಲಿ ನಮಗೂ ಒಂದು ಹಕ್ಕಿದೆ. 1999ರ ಫೆಬ್ರವರಿ 7, ಭಾನುವಾರ. ಪಾಕಿಸ್ತಾನ ವಿಕೆಟ್ ಇಲ್ಲದೆ 101. ಆಮೇಲೆ ಅನಿಲ್ ಕುಂಬ್ಳೆ ಹತ್ತಕ್ಕೆ ಹತ್ತೂ ವಿಕೆಟ್, 74 ರನ್ನಿಗೆ. ಕೊನೆಯ ವಿಕೆಟ್ ತನಗೆ ಬೀಳದಿರಲಿ ಅಂತ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ಆಚೆಗೆ ಚೆಂಡು ಹಾಕುತ್ತಿದ್ದುದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಕುಂಬ್ಳೆ ಮುಂದೆ ಕರ್ನಾಟಕ ಸಂಸ್ಥೆಯ ಅಧ್ಯಕ್ಷರೂ ಆದರು. ಅವರ ಹೆಸರು ಎಲ್ಲಿ ಬರೆದರೂ ಆ ಕುರ್ಚಿಗಾಗಿ ಬರೆಯಬೇಡಿ, ಆ ಹತ್ತು ವಿಕೆಟ್‌ಗಾಗಿ ಬರೆಯಿರಿ.

ಇನ್ನೊಂದು ಕಥೆ ಇದೆ, ನಮಗೆ ಕಹಿಯದ್ದು. 1981-82ರ ರಣಜಿ ಫೈನಲ್, ಇದೇ ಕೋಟ್ಲಾ. ಕರ್ನಾಟಕ 705 ಹೊಡೆದು ಕೂತಿತ್ತು. ಯಾರಾದರೂ ಸೋಲುತ್ತಾರೆಯೇ ಅಷ್ಟು ಹೊಡೆದ ಮೇಲೆ? ದೆಹಲಿ 8 ವಿಕೆಟ್‌ಗೆ 707! ಒಂಬತ್ತನೇ ವಿಕೆಟ್‌ಗೆ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಕಚ್ಚಿಕೊಂಡು ನಿಂತು ನಮ್ಮ ಕೈಯಿಂದ ಟ್ರೋಫಿ ಕಿತ್ತುಕೊಂಡರು. ಶುಕ್ಲಾ ಆಡಿದ್ದು ಒಂದೇ ಒಂದು ಟೆಸ್ಟ್, ಪೀಟರ್ ಅದನ್ನೂ ಆಡಲಿಲ್ಲ, ಮಂತ್ರಿಗಳಂತೂ ಇಬ್ಬರೂ ಆಗಲೇ ಇಲ್ಲ.

ಆ ಇಬ್ಬರ ಹೆಸರನ್ನು, ಕೆಳಗೆ 705 ಮತ್ತು 707 ಅಂತ ಅಂಕಿ ಹಾಕಿ, ಕೋಟ್ಲಾದ ಒಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ ನೋಡೋಣ. ಸೋತ ಊರಿನವನಾದ ನಾನು ಟಿಕೆಟ್ ಕೊಂಡು ಹೋಗಿ ಅದರ ಮುಂದೆ ನಿಂತು ಕೈ ಮುಗಿಯುತ್ತೇನೆ. ಬರೆಸುವಾಗ ಮಾತ್ರ ಅಂಕಿ ಅಂಶ ಇನ್ನೊಮ್ಮೆ ನೋಡಿಕೊಳ್ಳಿ ಮಾರಾಯರೇ.