ಸಾವಿನ ಕಾರಣ ಬರೆಯದೆ ಕಂಪ್ಯೂಟರನ್ನು ಕೇಳಿದರೆ ಏನು ಹೇಳೀತು?

2025ರ ಜೂನ್, ಜುಲೈನಲ್ಲಿ ನಮ್ಮ ಊರುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: ಹಾಸನದಲ್ಲಿ ಹೃದಯಾಘಾತ. ಒಂದೂವರೆ ತಿಂಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಚಿಕ್ಕ ವಯಸ್ಸಿನವರೇ ಬಹಳ ಎಂಬ ಸುದ್ದಿ. ಹೆದರಿದ ಜನ ನಸುಕಿಗೇ ಬಸ್ಸು ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆಗೂ, ಬೆಂಗಳೂರಿನ ಜಯನಗರ 9ನೇ ಬ್ಲಾಕಿನಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಗೂ ಬಂದು ಸಾಲು ನಿಂತರು. ಎದೆನೋವು ಇದ್ದವರೂ ಬಂದರು, ಇಲ್ಲದವರೂ ಬಂದರು.

ಸರ್ಕಾರ ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಸಮಿತಿ ನೋಡಿದ್ದು 24 ಸಾವುಗಳನ್ನು. ಅದರಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ. ಉಳಿದ 20ರಲ್ಲಿ ಅರ್ಧದಷ್ಟನ್ನು ‘ಹೃದಯಾಘಾತ ಇರಬಹುದು’ ಎಂದಷ್ಟೇ ಹೇಳಲು ಸಾಧ್ಯವಾಯಿತು. ಹಿಂದಿನ ಅಂಕಿಗಳ ಜೊತೆ ಹೋಲಿಸಿದರೆ ಹಾಸನದಲ್ಲಿ ಹೃದ್ರೋಗ ಏಕಾಏಕಿ ಏರಿಲ್ಲ ಎಂದು ವರದಿ ಹೇಳಿತು. ಇದನ್ನು ನಂಬಿದವರೂ ಇದ್ದಾರೆ, ‘ಏನೋ ಮುಚ್ಚಿಡ್ತಿದ್ದಾರೆ’ ಅಂದವರೂ ಇದ್ದಾರೆ.

ನಾವು ಪತ್ರಿಕೋದ್ಯಮ ಓದಿದವರು, ಡಾಕ್ಟರರಲ್ಲ. ಯಾರ ಹೃದಯಕ್ಕೆ ಏನಾಯಿತು ಎಂದು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಆ ‘ಇರಬಹುದು’ ಎಂಬ ಪದದ ಬಗ್ಗೆ ಮಾತಾಡಲೇಬೇಕು ಅನಿಸಿದೆ. ಇಷ್ಟು ದೊಡ್ಡ ಆಸ್ಪತ್ರೆ, ಇಷ್ಟು ಜನ ತಜ್ಞರು, ಲೆಕ್ಕ ಮಾಡಲು ಕಂಪ್ಯೂಟರು ಎಲ್ಲ ಇದ್ದೂ ‘ಇರಬಹುದು’ ಏಕೆ? ಮನೆಯಲ್ಲೋ ಹೊಲದಲ್ಲೋ ದಾರಿಯಲ್ಲೋ ಹೋದವರಿಗೆ ಇಸಿಜಿ ಆಗಿರುವುದಿಲ್ಲ, ಮರಣೋತ್ತರ ಪರೀಕ್ಷೆ ನಡೆದಿರುವುದಿಲ್ಲ, ಕಾರಣವನ್ನು ಯಾರೂ ಬರೆದಿರುವುದಿಲ್ಲ. ಬರೆಯದೇ ಇದ್ದುದನ್ನು ಯಾವ ಯಂತ್ರವೂ ಓದಲಾರದು.

ವೈದ್ಯಕೀಯ ಸಂಶೋಧನೆಯಲ್ಲಿ ಈಗ ಲೆಕ್ಕವನ್ನು ಕೈಯಲ್ಲಿ ಮಾಡುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆಂದೇ ಸಾಫ್ಟ್‌ವೇರ್‌ಗಳಿವೆ. ಎಸ್‌ಪಿಎಸ್‌ಎಸ್ ಎಂಬುದು 1968ರಿಂದ ಇದೆ, ಈಗ ಐಬಿಎಂ ಕಂಪನಿಯದು, ದುಡ್ಡು ಕೊಟ್ಟು ಬಳಸಬೇಕು. ‘ಆರ್’ ಎಂಬ ಇನ್ನೊಂದನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು 1990ರ ದಶಕದಲ್ಲಿ ಶುರು ಮಾಡಿದರು. ಅದು ಪೂರ್ತಿ ಉಚಿತ. ತಾಲ್ಲೂಕು ಕಾಲೇಜಿನ ಹಳೇ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು. ಸಾವಿರಾರು ರೋಗಿಗಳ ವಯಸ್ಸು, ಬಿಪಿ, ಸಕ್ಕರೆ, ಬೀಡಿ-ಸಿಗರೇಟು ಚಟ ಎಲ್ಲವನ್ನೂ ತುಂಬಿ ಕೇಳಿದರೆ, ಯಾವುದಕ್ಕೂ ಯಾವುದಕ್ಕೂ ನಂಟಿದೆ ಎಂದು ಕೆಲವೇ ಕ್ಷಣದಲ್ಲಿ ಹೇಳುತ್ತದೆ.

ಆದರೆ ಇದು ರಾಗಿ ಮಿಲ್ಲಿನ ಹಾಗೆ. ಕಲ್ಲು ಸೇರಿದ ರಾಗಿ ಸುರಿದರೂ ಮಿಲ್ಲು ಬೇಡ ಅನ್ನುವುದಿಲ್ಲ, ಬೀಸಿ ಕೊಡುತ್ತದೆ. ಕಲ್ಲು ಗೊತ್ತಾಗುವುದು ಮುದ್ದೆ ಬಾಯಿಗಿಟ್ಟಾಗ.

ಹಾಸನದ್ದನ್ನೇ ನೋಡಿ. ಜುಲೈನಲ್ಲಿ ಜಯದೇವಕ್ಕೆ ಬಂದವರ ಸಂಖ್ಯೆಯನ್ನು ಹಾಗೇ ಕಂಪ್ಯೂಟರಿಗೆ ಕೊಟ್ಟು ‘ಹೃದ್ರೋಗ ಹೆಚ್ಚಿದೆಯೇ’ ಎಂದು ಕೇಳಿದರೆ ‘ಹೌದು’ ಎನ್ನುತ್ತಿತ್ತು. ಹೆಚ್ಚಿದ್ದು ಭಯ. ಭಯದಿಂದ ಬಂದವರು ಯಾರು, ಕಾಯಿಲೆಯಿಂದ ಬಂದವರು ಯಾರು ಎಂದು ಯಂತ್ರಕ್ಕೆ ತಾನಾಗಿ ತಿಳಿಯದು.

ಆಸ್ಪತ್ರೆಗೆ ಬಂದವರನ್ನು ಎಣಿಸುವುದು ಒಂದು, ಊರಿನ ಜನರಲ್ಲಿ ಎಷ್ಟು ಮಂದಿಗೆ ಕಾಯಿಲೆ ಇದೆ ಎಂದು ಎಣಿಸುವುದು ಇನ್ನೊಂದು. ಎರಡನೆಯದನ್ನು ಹೇಗೆ ಮಾಡಬೇಕೆಂದು ತಿಳಿಯಲು ನಾವು ವಿದೇಶಕ್ಕೆ ಹೋಗಬೇಕಿಲ್ಲ. ಜಯದೇವದಿಂದ ಸ್ವಲ್ಪ ದೂರದಲ್ಲೇ, ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ಒಂದು ನೋಂದಣಿ ನಡೆಯುತ್ತಿದೆ. ಬೆಂಗಳೂರು ನಗರದಲ್ಲಿ ವಾಸವಿರುವವರಲ್ಲಿ ಯಾರಿಗೆ ಹೊಸದಾಗಿ ಕ್ಯಾನ್ಸರ್ ಕಂಡರೂ, ಅವರು ಯಾವ ಆಸ್ಪತ್ರೆಗೆ ಹೋಗಿರಲಿ, ಆ ಲೆಕ್ಕಕ್ಕೆ ಸೇರಿಸುತ್ತಾರೆ. ರಾಯಚೂರಿನಿಂದ ಬಂದವರಿಗೆ ಕಿದ್ವಾಯಿಯಲ್ಲಿ ಚಿಕಿತ್ಸೆ ಸಿಗುತ್ತದೆ, ಆದರೆ ಬೆಂಗಳೂರಿನ ಲೆಕ್ಕಕ್ಕೆ ಅವರು ಸೇರುವುದಿಲ್ಲ. ಲಕ್ಷ ಜನರಲ್ಲಿ ಇಷ್ಟು ಎಂದು ವರ್ಷವರ್ಷ ಹೋಲಿಸಿ ನೋಡಲು ಸಾಧ್ಯವಾಗುವುದು ಹೀಗೆ. ಹಾಸನದ ಹೃದಯಾಘಾತಕ್ಕೆ ಅಂಥದೊಂದು ನೋಂದಣಿ ಇರಲಿಲ್ಲ. ಹಾಗಾಗಿ ಪತ್ರಿಕೆ, ಟಿವಿಯಲ್ಲಿ ಬಂದ ಸಾವುಗಳನ್ನು ಒಂದೊಂದಾಗಿ ಕೂಡಿದ್ದೇ ಲೆಕ್ಕವಾಯಿತು.

ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ, ಒಂದು ಅಂದಾಜು ಮಾಡೋಣ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯ ಜನ 17,76,421. ವರ್ಷಕ್ಕೆ ಸಾವಿರಕ್ಕೆ ಆರು ಸಾವು ಎಂದು ಹಿಡಿಯಿರಿ, ರಾಜ್ಯದ ಲೆಕ್ಕ ಅದರ ಆಸುಪಾಸಿನಲ್ಲೇ ಇದೆ. ವರ್ಷಕ್ಕೆ ಹತ್ತು ಸಾವಿರದ ಮೇಲಾಯಿತು. ನಲವತ್ತು ದಿನಕ್ಕೆ ಸುಮಾರು 1,160. ದೇಶದಲ್ಲಿ ಸರಿಸುಮಾರು ನಾಲ್ಕರಲ್ಲಿ ಒಂದು ಸಾವು ಹೃದಯ, ರಕ್ತನಾಳದ ಕಾಯಿಲೆಯಿಂದ, ಪಾರ್ಶ್ವವಾಯು ಸೇರಿ. ಅಂದರೆ ಹಾಸನದಲ್ಲಿ ಯಾವುದೇ ನಲವತ್ತು ದಿನದಲ್ಲಿ ಇಂಥ ಸಾವು 290ರ ಹತ್ತಿರ ಇರಬಹುದು. ಸುದ್ದಿಯಾದದ್ದು 24. ಉಳಿದವು ನಮ್ಮ ಕಿವಿಗೇ ಬೀಳಲಿಲ್ಲ.

ಹಾಗೆಂದು ‘ಏನೂ ಆಗಿಲ್ಲ, ಸುಮ್ಮನಿರಿ’ ಎನ್ನಲೂ ಆಗದು. ಆ 290ರಲ್ಲಿ ಬಹುಪಾಲು ವಯಸ್ಸಾದವರು. ಜನ ಕೇಳಿದ್ದು ನಲವತ್ತೈದರೊಳಗಿನ ಮಕ್ಕಳ ಬಗ್ಗೆ, ದುಡಿಯುವವರ ಬಗ್ಗೆ. ಅದಕ್ಕೆ ಉತ್ತರ ಹೇಳಲು ಅದೇ ಜಿಲ್ಲೆಯಲ್ಲಿ, ಅದೇ ತಿಂಗಳಲ್ಲಿ, ಹಿಂದಿನ ಐದು ವರ್ಷ ಆ ವಯಸ್ಸಿನವರು ಎಷ್ಟು ಜನ ಹೃದಯಾಘಾತದಿಂದ ಹೋದರು ಎಂಬ ಅಂಕಿ ಬೇಕು.

ಅಂಕಿ ಇಲ್ಲದ ಕಡೆ ಊಹೆ ಬಂದು ಕೂರುತ್ತದೆ. ‘ಸತ್ತವರೆಲ್ಲ ಕೋವಿಡ್ ಲಸಿಕೆ ಹಾಕಿಸಿಕೊಂಡವರೇ’ ಎಂದು ಹರಡಿತು. ದೊಡ್ಡವರಲ್ಲಿ ಬಹುತೇಕ ಎಲ್ಲರೂ ಲಸಿಕೆ ಹಾಕಿಸಿಕೊಂಡಿದ್ದಾರೆ. ಬದುಕಿರುವವರೂ ಹಾಕಿಸಿಕೊಂಡವರೇ. ಸತ್ತವರನ್ನು ಮಾತ್ರ ನೋಡಿದರೆ ನಂಟು ಸಾಬೀತಾಗುವುದಿಲ್ಲ. ಅದೇ ವಯಸ್ಸಿನ, ಅದೇ ಊರಿನ ಬದುಕಿರುವವರ ಜೊತೆ ಹೋಲಿಸಿಯೇ ನೋಡಬೇಕು. ಸಂಶೋಧಕರಿಗೂ ಇಲ್ಲೊಂದು ಬಲೆ ಇದೆ. ಬರೀ ಆಕಸ್ಮಿಕದಿಂದ ಹೀಗೆ ಕಾಣುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ ಇದ್ದರೆ ‘ನಂಟಿದೆ’ ಎನ್ನುವುದು ರೂಢಿ. ಲಸಿಕೆ, ಟೀ, ಕೊಳವೆಬಾವಿ ನೀರು, ಮೊಬೈಲ್ ಟವರ್ ಎಂದು ಇಪ್ಪತ್ತು ಕಾರಣಗಳನ್ನು ಒಂದಾದ ಮೇಲೊಂದು ಕೇಳುತ್ತಾ ಹೋದರೆ, ಏನೂ ಇಲ್ಲದಿದ್ದರೂ ಒಂದಕ್ಕೆ ‘ಹೌದು’ ಬಂದುಬಿಡಬಹುದು. ಆ ಒಂದನ್ನು ಮಾತ್ರ ಎತ್ತಿ ತೋರಿಸಿದರೆ ಸುದ್ದಿ ಆಗುತ್ತದೆ, ವಿಜ್ಞಾನ ಆಗುವುದಿಲ್ಲ.

ಎಣಿಕೆಯ ಸಣ್ಣ ತಪ್ಪು ದೊಡ್ಡವರಿಗೂ ಕೈ ಕೊಟ್ಟಿದೆ. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ಕೆಲವು ದಿನ ಸರ್ಕಾರದ ಲೆಕ್ಕದಿಂದಲೇ ಬಿಟ್ಟುಹೋಗಿದ್ದವು. ಕಾರಣ, ಹಳೇ ಮಾದರಿಯ ಎಕ್ಸೆಲ್ ಹಾಳೆ ತುಂಬಿಹೋಗಿತ್ತು, ಮುಂದಿನ ಸಾಲುಗಳು ಹಿಡಿಯಲೇ ಇಲ್ಲ. ಅದು ಗೊತ್ತಾಗಿದ್ದು ತಾಳೆ ನೋಡುವವರು ಇದ್ದುದರಿಂದ. ನಮ್ಮಲ್ಲಿ ತಾಳೆ ನೋಡುವವರು ಯಾರು?

ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ 22.5ಕ್ಕೆ ಮಾತ್ರ. ಉಳಿದವರು ಯಾಕೆ ಹೋದರೋ ದಾಖಲೆ ಇಲ್ಲ. ಹಾಸನದ ಗಲಾಟೆಯ ನಂತರ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಆಸ್ಪತ್ರೆಯ ಹೊರಗಾಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, 45 ವರ್ಷದೊಳಗಿನವರ ಹಠಾತ್ ಸಾವಿಗೆ ಮರಣೋತ್ತರ ಪರೀಕ್ಷೆ ಆಗಬೇಕು ಎಂದರು. ಒಳ್ಳೆಯ ತೀರ್ಮಾನ. ಆದರೆ ನಡುರಾತ್ರಿ ಹೆಣದ ಮುಂದೆ ಅಳುತ್ತಾ ಕೂತ ಮನೆಯವರಿಗೆ ‘ಕೊಯ್ಯಬೇಕು’ ಎಂದರೆ ಒಪ್ಪುವುದು ಸುಲಭವಲ್ಲ. ಹೆಣ ಸಾಗಿಸಲು ಗಾಡಿ, ಹತ್ತಿರದಲ್ಲೇ ಮಾಡುವ ವ್ಯವಸ್ಥೆ, ಅದೇ ದಿನ ವಾಪಸು ಕೊಡುವ ಭರವಸೆ ಇಲ್ಲದೆ ಬರೀ ಆದೇಶ ನಡೆಯದು. ಅದೆಲ್ಲ ಸರ್ಕಾರದ ಖರ್ಚಿನಲ್ಲೇ ಆಗಬೇಕು.

ಎರಡನೆಯ ಬೇಡಿಕೆ: ಇಂಥ ಸಮಿತಿಗಳು ವರದಿಯ ಸಾರಾಂಶ ಹೇಳಿ ಮುಗಿಸಬಾರದು. ಹೆಸರು, ಊರು, ಗುರುತು ತೆಗೆದ ಅಂಕಿಗಳನ್ನೂ, ಲೆಕ್ಕ ಮಾಡಿದ ಆದೇಶಗಳ ಸಾಲುಗಳನ್ನೂ ಹೊರಗೆ ಹಾಕಬೇಕು. ‘ಆರ್’ನಲ್ಲಿ ಮಾಡಿದ ಲೆಕ್ಕದ ಪ್ರತಿ ಹೆಜ್ಜೆಯೂ ಬರಹದಲ್ಲಿ ಉಳಿಯುತ್ತದೆ. ಹಾಸನದ ಡಿಗ್ರಿ ಕಾಲೇಜಿನ ಸಂಖ್ಯಾಶಾಸ್ತ್ರದ ಹುಡುಗಿಯೂ ಅದನ್ನು ಮತ್ತೆ ಓಡಿಸಿ ಸರಿಯಿದೆಯೇ ನೋಡಬಹುದು. ‘ಮುಚ್ಚಿಡ್ತಿದ್ದಾರೆ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಕಾಣುತ್ತಿಲ್ಲ.

ನಮ್ಮ ಕಡೆಯಿಂದಲೂ ಆಗಬೇಕಾದ್ದಿದೆ. ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಣಿ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. 2023ರ ತಿದ್ದುಪಡಿಯ ನಂತರ, ಆಸ್ಪತ್ರೆಯಲ್ಲಿ ಸಾವಾದರೆ ಕಾರಣದ ಪ್ರಮಾಣಪತ್ರವನ್ನು ಆಸ್ಪತ್ರೆಯವರು ಉಚಿತವಾಗಿ ಕೊಡಬೇಕು, ಹತ್ತಿರದ ಸಂಬಂಧಿಗೂ ಒಂದು ಪ್ರತಿ ಸಿಗಬೇಕು. ಮನೆಯಲ್ಲೇ ಹೋಗಿದ್ದರೆ, ಕೊನೆಯ ಕಾಯಿಲೆಗೆ ನೋಡುತ್ತಿದ್ದ ಡಾಕ್ಟರು ಬರೆದುಕೊಡಬೇಕು. ಅದಕ್ಕೆ ನಮೂನೆ 4ಎ ಎಂಬ ಅರ್ಜಿ ಇದೆ, ಹೆಸರು ಹೇಳಿಯೇ ಕೇಳಿ. ಸತ್ತವರಿಗೆ ಬಿಪಿ ಇತ್ತೇ, ಸಕ್ಕರೆ ಇತ್ತೇ, ಎದೆ ಹಿಡಿದುಕೊಂಡರೇ, ಎಷ್ಟು ಹೊತ್ತಿನಲ್ಲಿ ಹೋದರು ಎಂಬುದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ‘ಹೃದಯ ನಿಂತು ಸಾವು’ ಎಂದಷ್ಟೇ ಬರೆದುಕೊಟ್ಟರೆ ಒಪ್ಪಬೇಡಿ. ಯಾರೇ ಸತ್ತರೂ ಹೃದಯ ನಿಂತೇ ನಿಲ್ಲುತ್ತದೆ. ಅದು ಯಾಕೆ ನಿಂತಿತು ಎಂಬುದನ್ನು ಬರೆಸಿ.