ಅಂಗಡಿಗೆ ಕೊಟ್ಟ ಹಣ, ಊರಿಗೆ ಸಿಗದ ಊಟ

ಕೆನಡಾದ ಉತ್ತರ ತುದಿಯ ನುನಾವುಟ್‌ನಲ್ಲಿ ಇರುವುದು 25 ಊರು. ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಹಿಟ್ಟು, ಎಣ್ಣೆ, ಸಕ್ಕರೆಯಂಥ ಕೆಡದ ಸಾಮಾನು ಮಂಜುಗಡ್ಡೆ ಕರಗಿದ ಬೇಸಿಗೆಯಲ್ಲಿ ಹಡಗಿನಲ್ಲಿ ಬರುತ್ತದೆ. ಹಾಲು, ಹಣ್ಣು, ತರಕಾರಿ ವರ್ಷವಿಡೀ ವಿಮಾನದಲ್ಲೇ ಬರಬೇಕು. ಹಿಮಗಾಳಿಗೆ ವಿಮಾನ ಇಳಿಯದೆ ಹೋದರೆ ಅಂಗಡಿಯ ಕಪಾಟು ಬರಿದಾಗುತ್ತದೆ. ವಿಮಾನ ಸಾಗಣೆಯಿಂದ ಏರುವ ಬೆಲೆಯ ಹೊರೆ ಇಳಿಸಲೆಂದು ಕೆನಡಾ ಸರ್ಕಾರ 2011ರಲ್ಲಿ ‘ನ್ಯೂಟ್ರಿಷನ್ ನಾರ್ತ್’ ಯೋಜನೆ ತಂದು ಸಬ್ಸಿಡಿಯನ್ನು ವ್ಯಾಪಾರಿಗಳ ಕೈಗಿತ್ತಿತು. ಅದು ಪೂರ್ತಿಯಾಗಿ ಗಿರಾಕಿಗೆ ತಲುಪುತ್ತಿದೆಯೇ ಎಂಬುದನ್ನು ಇಲಾಖೆ ಖಚಿತಪಡಿಸಿಕೊಂಡೇ ಇಲ್ಲವೆಂದು 2014ರಲ್ಲಿ ಮಹಾಲೆಕ್ಕಪರಿಶೋಧಕರೇ ಹೇಳಿದರು. ಒಂದೋ ಎರಡೋ ಅಂಗಡಿಯಿರುವ ಊರಿನಲ್ಲಿ ಬೆಲೆ ಇಳಿಸುವ ಒತ್ತಡವಾದರೂ ಎಲ್ಲಿಂದ ಬರಬೇಕು? ಸಾಗಣೆ, ಇಂಧನ, ಗೋದಾಮುಗಳ ಖರ್ಚು ದೊಡ್ಡದು ಎನ್ನುವ ವ್ಯಾಪಾರಿಗಳ ಮಾತು ಸುಳ್ಳಲ್ಲ. ಆದರೆ ಖರ್ಚು ನಿಜವಾದಷ್ಟೂ ಲೆಕ್ಕ ಬಹಿರಂಗವಾಗಿರಬೇಕು. ಅಷ್ಟು ಕಷ್ಟವಿದ್ದರೆ ಅಲ್ಲೇಕೆ ಇರಬೇಕು ಎಂದು ಕೇಳುವವರಿದ್ದಾರೆ. ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರಿಗೆ ಅದು ತಲೆತಲಾಂತರದ ನೆಲ. ಅಷ್ಟೇ ಅಲ್ಲ, ನುನಾವುಟ್‌ನ ರೆಸೊಲ್ಯೂಟ್ ಮತ್ತು ಗ್ರೀಸ್ ಫಿಯೋರ್ಡ್ ಊರುಗಳಿಗೆ 1953ರಲ್ಲಿ ಕುಟುಂಬಗಳನ್ನು ದಕ್ಷಿಣದಿಂದ ಒಯ್ದು ಬಿಟ್ಟದ್ದು ಸರ್ಕಾರವೇ. ಅದಕ್ಕಾಗಿ 2010ರಲ್ಲಿ ಕ್ಷಮೆಯನ್ನೂ ಕೇಳಿತು. ಅಂಥ ಜನರಿಗೆ ಊಟ ಒದಗಿಸುವುದನ್ನು ದಾನವೆನ್ನುವುದು ಅನ್ಯಾಯ. ಸೀಲ್, ಕ್ಯಾರಿಬೂ, ಮೀನು ಅವರ ಪೌಷ್ಟಿಕ ಆಹಾರ, ಹಂಚಿ ತಿನ್ನುವುದು ಅವರ ಪದ್ಧತಿ. ಆದರೆ ಬೇಟೆಗೂ ಹಿಮವಾಹನ, ಪೆಟ್ರೋಲು, ಗುಂಡು ಬೇಕು, ಅವೂ ದುಬಾರಿ. 2020ರಲ್ಲಿ ಇದೇ ಯೋಜನೆಯಡಿ ಬೇಟೆಗಾರರಿಗೆ ನೆರವು ಶುರುವಾದದ್ದು ಅದಕ್ಕೇ ಸರಿಯಾದ ಹೆಜ್ಜೆ. ಸಬ್ಸಿಡಿಯ ಇನ್ನೂ ದೊಡ್ಡ ಪಾಲು ಹೀಗೆ ನೇರವಾಗಿ ಜನರ ಕೈ ಸೇರಬೇಕು.